ಎರಡನೆಯ ದೋಣಿ

1961ರ ಡಿಸೆಂಬರ್ 18, ಸೋಮವಾರ. ಅವತ್ತು ನಮ್ಮ ಕಾಕಾ ಕಾರವಾರದ ಎದುರಿನ ಸಮುದ್ರದಲ್ಲಿದ್ದ; ಸಮುದ್ರ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಐಎನ್‌ಎಸ್ ತ್ರಿಶೂಲ್ ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಮದ್ದುಗುಂಡಿನ ಕೋಣೆಯಲ್ಲಿ ನಿಂತು ಮೇಲಿನ ತೋಪಿಗೆ ಗುಂಡು ಕಳಿಸುವುದು ಅವನ ಪಾಲಿನ ಕೆಲಸ. ನಾಲ್ಕೂವರೆ ಇಂಚಿನ ಜೋಡಿ ತೋಪು. ಅದರ ಒಂದೊಂದು ಗುಂಡು 55 ಪೌಂಡು, ಅಂದರೆ 25 ಕಿಲೋ ತೂಕ.

“ಕಾಲು ಚೀಲ ಜ್ವಾಳ ಎತ್ತಿ ಎತ್ತಿ ಕೊಟ್ಟಂಗ ತಮ್ಮಾ. ಎಷ್ಟು ಕೊಟ್ವಿ ಅಂತ ಎಣಿಸಲಿಲ್ಲ. ಮ್ಯಾಲೆ ತೋಪು ಹಾರಿದ್ರ ಕಿವಿಗಿಂತ ಮೊದ್ಲ ಅಂಗಾಲಿಗೆ ತಿಳೀತಿತ್ತು. ಕಬ್ಬಿಣದ ನೆಲಾ ಝುಂ ಅಂತಿತ್ತು. ಗುಂಡು ಎಲ್ಲಿ ಬಿತ್ತು, ಯಾರ ಮ್ಯಾಲೆ ಬಿತ್ತು, ನಮ್ಮ ಹುಡುಗ್ರು ಬದುಕ್ಯಾರೋ ಇಲ್ಲೋ, ಯಾವುದೂ ಗೊತ್ತಿಲ್ಲ. ಗುಂಡು ಬೇಕು ಅಂತ ಮ್ಯಾಲಿಂದ ಹೇಳಿಕಿ ಬರ್ತಿತ್ತು, ನಾವು ಕೊಡ್ತಿದ್ವಿ.”

ಕಾಕಾ ಇದನ್ನು ಹೇಳುತ್ತಿದ್ದುದು ಬಿಳಿಜೋಳದ ತೆನೆ ಹಾಲುಗಾಳು ಕಟ್ಟುವ ದಿನಗಳಲ್ಲಿ. ನಮ್ಮೂರು ಶಿಗ್ಲಿಯ ಸುತ್ತ ಎರೆಹೊಲವಿದ್ದವರಿಗೆ ಆ ಹದಿನೈದು ದಿನ ಹಬ್ಬ ಬೇರೆ ಬೇಕಿಲ್ಲ. ಹೊಲದಲ್ಲಿ ಕುಣಿ ತೋಡಿ, ಕುಳ್ಳು ಒಟ್ಟಿ ಬೆಂಕಿ ಮಾಡಿ, ಕೆಂಡದೊಳಗೆ ತೆನೆ ಹುಗಿದು ಸೀತನಿ ಸುಡುವುದು. ಸುಟ್ಟ ತೆನೆಯನ್ನು ಬಿಸಿ ಇರುವಾಗಲೇ ತಿಕ್ಕಿ, ಉಮಿ ಊದಿ, ಗುರೆಳ್ಳ ಚಟ್ನಿಯೋ ಬೆಲ್ಲವೋ ಕೂಡಿಸಿ ತಿನ್ನುವುದು. ಸಂಜೆಯಾದರೂ ಬೆಂಕಿ ಬಿಟ್ಟು ಯಾರೂ ಏಳುತ್ತಿರಲಿಲ್ಲ. ಡಿಸೆಂಬರಿನ ಚಳಿ, ಬೆನ್ನಿಗೆ ಕಂಬಳಿ. ಆಗ ಯಾರಾದರೊಬ್ಬರು “ಕಾಕಾ, ಕರಾಚಿ ಯುದ್ಧದ್ದು ಹೇಳು” ಎನ್ನುತ್ತಿದ್ದರು. 1971ರ ಯುದ್ಧ ಮುಗಿದ ಮೇಲೆ ನೌಕರಿ ಮುಗಿಸಿ ಊರಿಗೆ ಬಂದವನು ಅವನು. ಜನಕ್ಕೆ ಅವನಿಂದ ಕರಾಚಿ ಬೇಕಿತ್ತು. ಅವನು ಹೇಳುತ್ತಿದ್ದುದು ಅಂಜದೀವದ್ದು.

ಸಮುದ್ರಕ್ಕೂ ನಮಗೂ ಏನು ಸಂಬಂಧ? ಶಿಗ್ಲಿಯಿಂದ ಕಾರವಾರಕ್ಕೆ ರಸ್ತೆ ಹಿಡಿದರೆ ಇನ್ನೂರು ಕಿಲೋಮೀಟರಿನ ಮೇಲಾಗುತ್ತದೆ. ನಮ್ಮದು ಮಗ್ಗದ ಮನೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವುದು, ನೂಲು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕುವುದು, ಇಷ್ಟೇ ಅವನಿಗೆ ಗೊತ್ತಿದ್ದ ವಿದ್ಯೆ. ಮನೆಯಲ್ಲಿ ಮಂದಿ ಹೆಚ್ಚು, ಮಗ್ಗ ಕಡಿಮೆ. ಪಲ್ಟಣಿಗೆ ಸೇರುತ್ತೇನೆಂದು ಬೆಳಗಾವಿಗೆ ಭರ್ತಿಗೆ ಹೋದ. ಮರಾಠಾ ಪಲ್ಟಣಿನ ಊರು ಅದು, ನಮ್ಮ ಕಡೆಯ ಎಷ್ಟೋ ಹುಡುಗರು ಅಲ್ಲಿಗೆ ಹೋಗುತ್ತಿದ್ದರು. ಇವನ ಎತ್ತರ ಸಾಲಲಿಲ್ಲ. ಯಾರೋ ನೌಕಾಪಡೆಯ ದಾರಿ ತೋರಿಸಿದರು. ತರಬೇತಿಯಲ್ಲಿ ಹಗ್ಗದ ಗಂಟುಗಳನ್ನು ಎಲ್ಲರಿಗಿಂತ ಮೊದಲು ಕಲಿತನಂತೆ. ಈಜು ಮಾತ್ರ ಎಲ್ಲರಿಗಿಂತ ಕಡೆಗೆ.

ಗೋವಾದ ಸಂಗತಿಯನ್ನು ಈಗಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1947ರಲ್ಲಿ ಬ್ರಿಟಿಷರು ಹೋದರು, ಪೋರ್ಚುಗೀಸರು ಹೋಗಲಿಲ್ಲ. ಗೋವಾ, ದಮನ್, ದೀವ್ ತಮ್ಮ ದೇಶದ್ದೇ ಪ್ರಾಂತ್ಯಗಳೆಂದು ಲಿಸ್ಬನ್ನಿನಲ್ಲಿ ಕುಳಿತ ಅವರ ಸರ್ವಾಧಿಕಾರಿ ಸಲಾಜಾರ್ ಹಟ ಹಿಡಿದ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಅವತ್ತೇ ನಮ್ಮ ಕಡೆಯ ಜನರ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಆಮೇಲೂ ಆರು ವರ್ಷ ಮಾತುಕತೆಯಲ್ಲೇ ಕಳೆಯಿತು.

ಕಡೆಗೆ ಕಿಡಿ ಹೊತ್ತಿದ್ದು ಅಂಜದೀವದಿಂದ. ಕಾರವಾರದ ದಕ್ಷಿಣಕ್ಕೆ, ಬಿಣಗಾ–ಅರ್ಗಾ ತೀರದ ಎದುರಿಗೆ ಇರುವ ದ್ವೀಪ ಅದು. ಉದ್ದ ಒಂದೂವರೆ ಕಿಲೋಮೀಟರು ಅಷ್ಟೆ. ಬಂಡೆ, ಗಿಡಗಂಟಿ, ಹಳೆಯ ಕೋಟೆಗೋಡೆ, ಒಂದು ಇಗರ್ಜಿ. ನಮ್ಮ ದಂಡೆಗೆ ಅಂಟಿಕೊಂಡಂತಿದ್ದರೂ ಆಡಳಿತ ಗೋವಾದ್ದು. ಪೋರ್ಚುಗೀಸ್ ಸಿಪಾಯಿಗಳು ಅಲ್ಲಿ ಠಾಣ್ಯ ಹೂಡಿದ್ದರು. 1961ರ ನವೆಂಬರ್ 17ರಂದು ಆ ದಾರಿಯಲ್ಲಿ ಹೊರಟಿದ್ದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಹಡಗಿನ ಎಂಜಿನಿಯರ್ ಗಾಯಗೊಂಡ. ಅದಾಗಿ ಕೆಲವೇ ದಿನಕ್ಕೆ ಮೀನು ಹಿಡಿಯಲು ಹೋದ ದೋಣಿಯ ಮೇಲೆ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಸತ್ತ. ಬಲೆ ಬೀಸಲು ಹೋದವನು ಹೆಣವಾಗಿ ದಂಡೆಗೆ ಬಂದದ್ದು ಕಾರವಾರದ ಜನರ ಎದೆಗೆ ನಾಟಿತು.

ಡಿಸೆಂಬರಿನ ಮೊದಲ ವಾರದಿಂದಲೇ ನಮ್ಮ ಸೀಮೆಗೆ ಸುದ್ದಿ ಬರತೊಡಗಿತ್ತೆಂದು ಕಾಕಾನ ಅವ್ವ, ನಮ್ಮ ಆಯಿ ಹೇಳುತ್ತಿದ್ದಳು. ನೂಲಿಗೆಂದು ಹುಬ್ಬಳ್ಳಿಗೆ, ಗದಗ–ಬೆಟಗೇರಿಗೆ ಹೋದವರು ತಿರುಗಿ ಬರುವಾಗ ರೈಲು ರದ್ದಾದದ್ದು, ಮಿಲಿಟರಿ ರೈಲುಗಳು ಒಂದರ ಹಿಂದೊಂದು ಬೆಳಗಾವಿಯತ್ತ ಹೋದದ್ದು ಹೇಳುತ್ತಿದ್ದರು. ಬೆಳಗಾವಿಯಲ್ಲಿ 17ನೇ ಡಿವಿಜನ್ ಬೀಡುಬಿಟ್ಟಿತ್ತು. ಅದರ ಮುಖ್ಯಸ್ಥ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್. ಜೊತೆಗೆ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್. ಇಡೀ ಕಾರ್ಯಾಚರಣೆಯ ಹೊಣೆ ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ಅವರದು. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಂಟರ್ ಜೆಟ್‌ಗಳು ಬಂದು ನಿಂತಿದ್ದವು. ಇಷ್ಟೆಲ್ಲ ಹೆಸರು ಆಯಿಗೆ ಗೊತ್ತಿರಲಿಲ್ಲ. “ದಂಡು ಕೂಡೇತಿ, ನಮ್ಮ ಹುಡುಗ ನೀರಾಗ ಅದಾನ” ಎಂಬಷ್ಟೇ ಅವಳ ಯುದ್ಧ.

ಹುಡುಗನಿಂದ ಕಾಗದ ಬಂದು ತಿಂಗಳಾಗಿತ್ತು. ‘ಕೇರ್ ಆಫ್ ಫ್ಲೀಟ್ ಮೇಲ್ ಆಫೀಸ್, ಮುಂಬೈ’ ಎಂದು ಬರೆದು ಹಾಕಿದ ಕಾಗದಗಳಿಗೆ ಉತ್ತರವಿರಲಿಲ್ಲ.

ಇನ್ನು ಕಾಕಾ ಹೇಳಿದ್ದಕ್ಕೆ ಬರುತ್ತೇನೆ.

ಗೋವಾ ಬಿಡುಗಡೆ ಎಂದರೆ ಭೂಸೇನೆಯ ಕೆಲಸ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಸೇನೆ ಉತ್ತರದಿಂದಲೂ ಪೂರ್ವದಿಂದಲೂ ನುಗ್ಗಿತು, ದಕ್ಷಿಣದಲ್ಲಿ ಮಾಜಾಳಿ ಕಡೆಯಿಂದ ರಜಪೂತ ಪಲ್ಟಣಿನ ಒಂದು ಕಂಪನಿ ವೈರಿಯ ಗಮನ ಸೆಳೆಯಲು ಹೋಯಿತು, ನಿಜ. ಅದೇ ದಿನ ಸಮುದ್ರದ ಮೇಲೆ ಎರಡು ಕಾಳಗ ನಡೆದವು. ಮುರ್ಮುಗೋವಾ ಬಂದರಿನಲ್ಲಿ ನಮ್ಮ ಬೇತ್ವಾ, ಬಿಯಾಸ್ ಹಡಗುಗಳು ಪೋರ್ಚುಗೀಸರ ಅಫೊನ್ಸೊ ದಿ ಅಲ್ಬುಕರ್ಕ್ ಎಂಬ ಯುದ್ಧನೌಕೆಯನ್ನು ಎದುರಿಸಿದವು. ಪೆಟ್ಟು ತಿಂದ ಆ ಹಡಗು ದಂಡೆಗೆ ಹೋಗಿ ಹೂತಿತು. ಅದರ ಕ್ಯಾಪ್ಟನ್ ಭಾರಿ ಗಾಯಗೊಂಡ. ಆಮೇಲೆ ನಮ್ಮ ನೌಕಾಧಿಕಾರಿಗಳೇ ಆಸ್ಪತ್ರೆಗೆ ಹೋಗಿ ಅವನನ್ನು ಮಾತನಾಡಿಸಿ ಬಂದರು. ಇನ್ನೊಂದು ಕಾಳಗ ಅಂಜದೀವದ್ದು. ಮೈಸೂರ್ ಮತ್ತು ತ್ರಿಶೂಲ್ ಹಡಗುಗಳಿಗೆ ಆ ಕೆಲಸ ವಹಿಸಿದ್ದರು.

ಮೈಸೂರ್ ದೊಡ್ಡ ಹಡಗು, ಕ್ರೂಸರ್. ಎರಡನೆಯ ಮಹಾಯುದ್ಧದಲ್ಲಿ ನೈಜೀರಿಯಾ ಎಂಬ ಹೆಸರಿನಲ್ಲಿ ಬ್ರಿಟಿಷರ ಕಡೆ ಕಾದಾಡಿದ್ದನ್ನು ನಾವು ಕೊಂಡು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡಿದ್ದೆವು. ಅದರ ಲಾಂಛನ ಗಂಡಭೇರುಂಡ. ಕಾಕಾನ ತ್ರಿಶೂಲ್ ಹೊಸ ಹಡಗು, ಬೆಲ್‌ಫಾಸ್ಟಿನಲ್ಲಿ ಕಟ್ಟಿದ್ದು, 1960ರಲ್ಲಿ ಸೇವೆಗೆ ಬಂದದ್ದು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ ಎನ್ನುತ್ತಿದ್ದ.

ದ್ವೀಪಕ್ಕೆ ಇಳಿಯಬೇಕಾದವರು ಯಾರು? ಈ ಮಾತು ಬಂದಾಗ ಕಾಕಾ ಕೈಯಲ್ಲಿನ ತೆನೆ ಕೆಳಗಿಟ್ಟು ನಮ್ಮತ್ತ ತಿರುಗುತ್ತಿದ್ದ. ನಮ್ಮ ನೌಕಾಪಡೆಯಲ್ಲಿ ಆಗ ದಂಡೆಗೆ ಇಳಿದು ಕಾದಾಡಲೆಂದೇ ಇರುವ ಬೇರೆ ಪಡೆ ಇರಲಿಲ್ಲ. ಈ ಹಡಗುಗಳಲ್ಲಿ ದಂಡೆಗೆ ಇಳಿಯಲೆಂದೇ ಮಾಡಿದ ಚಪ್ಪಟೆ ತಳದ ದೋಣಿಗಳಿರಲಿಲ್ಲ. ಇದ್ದದ್ದು ಹಡಗಿನ ಪಕ್ಕದಲ್ಲಿ ತೂಗಿಬಿಟ್ಟ ದೋಣಿಗಳು; ಅಧಿಕಾರಿಗಳನ್ನು ಬಂದರಿಗೆ ಕರೆದೊಯ್ಯುವ, ಟಪಾಲು ತರುವ ದೋಣಿಗಳು. ಇಳಿಯುವವರೂ ನಾವಿಕರೇ. ದಿನಾ ಡೆಕ್ಕು ತೊಳೆಯುವ, ಹಗ್ಗ ಎಳೆಯುವ, ತೋಪು ಒರೆಸುವ ಹುಡುಗರ ಕೈಗೆ ರೈಫಲ್ಲು ಕೊಟ್ಟು, ಕೆಲದಿನ ತಾಲೀಮು ಮಾಡಿಸಿ, ದ್ವೀಪ ಹಿಡಿದು ಬನ್ನಿ ಅಂದರು. ಮುಂದಾಳು ಲೆಫ್ಟಿನೆಂಟ್ ಅರುಣ್ ಆಡಿಟ್ಟೊ. ಅವರಿಗೂ ಎಳೆಯ ವಯಸ್ಸು.

“ನನ್ನನ್ನ ಆರಿಸಲಿಲ್ಲ” ಎನ್ನುತ್ತಿದ್ದ ಕಾಕಾ. “ನನ್ನ ಕೂಡ ಮೆಸ್ಸಿನ್ಯಾಗ ಒಂದ ಮೇಜಿಗೆ ಉಣ್ಣಾಂವ ಒಬ್ಬ ಇದ್ದ, ಅಂವನ್ನ ಆರಿಸಿದ್ರು. ರಾತ್ರಿ ಬೂಟಿನ ಲಾಡಿ ಕಟ್ಕೊಂಡು ಬಿಚ್ಚಿ, ಕಟ್ಕೊಂಡು ಬಿಚ್ಚಿ ನೋಡ್ತಿದ್ದ. ಹಡಗಿನ್ಯಾಗ ನಾವು ಹಗೂರ ಚಪ್ಪಲಿ ಹಾಕ್ಕೊಂಡು ಅಡ್ಡಾಡೋರು. ನೀರಿಗೆ ಬಿದ್ರ ಈ ಬೂಟು ಎಳದು ಮುಳಗಸ್ತಾವು ಅಂದ. ಹಂಗಂತ ಬೂಟು ಬಿಟ್ರ ಬಂಡಿಗಲ್ಲ ಮ್ಯಾಲೆ ಓಡೂದು ಹ್ಯಾಂಗ? ನಾ ಅಂವಂಗ ಒಂದು ಗಂಟು ತೋರಿಸಿದೆ. ಒಂದ ಎಳಿ ಎಳದ್ರ ಪೂರಾ ಬಿಚ್ಚಬೇಕು, ಅಂಥಾ ಗಂಟು. ಮಗ್ಗದಾಗ ಹಾಕ್ತೀವಲ್ಲ, ಅದ.”

ಆ ಗೆಳೆಯನ ಹೆಸರು ಅವನು ಎಂದೂ ನಮಗೆ ಹೇಳಲಿಲ್ಲ. ಎಲ್ಲಿಯವನೆಂದು ಕೇಳಿದರೆ “ಸಮುದ್ರದಾಂವ” ಅಂದುಬಿಡುತ್ತಿದ್ದ.

ಡಿಸೆಂಬರಿನಲ್ಲಿ ಕಾರವಾರದ ಸಮುದ್ರ ಶಾಂತ. ಮಳೆಗಾಲದ ಅಬ್ಬರ ಇಳಿದು, ಆಕಾಶ ತೊಳೆದಿಟ್ಟಂತಿರುತ್ತದೆ. ಮೀನುಗಾರರಿಗೆ ಒಳ್ಳೆಯ ಕಾಲ. ದೋಣಿಯಲ್ಲಿ ಕೂತು ವೈರಿಯ ದಂಡೆಗೆ ಹೋಗುವವರಿಗೆ ಅದೇ ಕೆಟ್ಟ ಕಾಲ. ನೀರಿನ ಮೇಲಿನ ಪ್ರತಿ ತಲೆಯೂ ದ್ವೀಪದಿಂದ ಕಾಣುತ್ತದೆ. ಮೊದಲ ದೋಣಿಗಳು ಹೋದವು. ದಂಡೆ ಮುಟ್ಟಿದವು. ನಾವಿಕರು ಇಳಿದರು. ದೊಡ್ಡ ಪ್ರತಿರೋಧ ಕಾಣಲಿಲ್ಲ. ದ್ವೀಪದಲ್ಲಿ ಬಿಳಿ ನಿಶಾನೆ ಏರಿತ್ತೆಂದು ನಮ್ಮ ನೌಕಾಪಡೆಯ ವಿವರಣೆಗಳು ಹೇಳುತ್ತವೆ. ಡೆಕ್ಕಿನ ಮೇಲಿದ್ದವರು ಕಂಡದ್ದನ್ನು ಕೆಳಗೆ ಕೂಗಿ ಹೇಳಿದರಂತೆ. ಗುಂಡಿನ ಕೋಣೆಯಲ್ಲಿದ್ದವರು ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಂಡರು.

ಎರಡನೆಯ ತಂಡದ ದೋಣಿ ಹೊರಟಿತು. ಅದು ದಂಡೆಗೆ ಹತ್ತಿರವಾಗುತ್ತಿದ್ದಂತೆ ಬಂಡೆಗಳ ಸಂದಿಯಿಂದ ಮಶೀನ್‌ಗನ್ನು ಶುರುವಾಯಿತು.

ಮುಂದಿನದನ್ನು ಕಾಕಾ ಹೇಳುವಾಗ ಸೀತನಿ ತಿನ್ನುವವರ ಕೈ ನಿಂತುಬಿಡುತ್ತಿತ್ತು. ಅವನು ಕಣ್ಣಾರೆ ಕಂಡದ್ದಲ್ಲ. ಆ ಮೆಸ್ಸಿನ ಗೆಳೆಯ ಎರಡನೆಯ ದೋಣಿಯಲ್ಲಿದ್ದ. ತೊಡೆಯಲ್ಲಿ ಗುಂಡು ಹೊಕ್ಕು ಬದುಕಿ ಬಂದ. ಆಮೇಲೆ ಆಸ್ಪತ್ರೆಯ ಮಂಚದಲ್ಲಿ ಮಲಗಿ ಕಾಕಾನಿಗೆ ಹೇಳಿದ್ದು ಇದು.

“ದೋಣಿಯಾಗ ಅಡ್ಡ ಏನೈತಿ? ಬರೇ ಕಟ್ಟಿಗಿ. ಗುಂಡು ಈ ಕಡಿ ಹೊಕ್ಕು ಆ ಕಡಿ ಹೋಗ್ತಾವು. ಮಲಗಾಕ ಜಾಗಾ ಇಲ್ಲ, ಓಡಾಕ ನೆಲಾ ಇಲ್ಲ, ಒಬ್ಬರ ಮ್ಯಾಲೊಬ್ರು. ತಿರಗಿ ಗುಂಡು ಹಾರಸ್ಬೇಕಂದ್ರ ಮುಂದ ನಮ್ಮವರ ಅದಾರ. ಯಾರೋ ಜಿಗೀರಿ ಅಂತ ಒದರಿದ್ರು. ಜಿಗದ್ರ ನೀರು ಎದಿಮಟ ಬಂತಂತ. ರೈಫಲ್ ತಲಿ ಮ್ಯಾಲೆ ಎತ್ತಿ ಹಿಡದು ನಡದ್ರಂತ. ನೀರಾಗ ಓಡಾಕ ಬರೂದಿಲ್ಲ ತಮ್ಮಾ. ಕನಸಿನ್ಯಾಗ ಓಡ್ತೀವಲ್ಲ, ಹಂಗ.”

ಏಳು ಜನ ನಾವಿಕರು ಸತ್ತರು. ಹತ್ತೊಂಬತ್ತು ಜನ ಗಾಯಗೊಂಡರು. ಗಾಯಗೊಂಡವರಲ್ಲಿ ತಂಡಗಳ ಮುಂದಾಳುಗಳೂ ಇದ್ದರು.

ಇಲ್ಲಿ ನನ್ನ ಮಾತು ಒಂದಿಷ್ಟು ಹೇಳಬೇಕು. ಗೋವಾ ಬಿಡುಗಡೆಯ ಕಾರ್ಯಾಚರಣೆ ಮೂವತ್ತಾರು ತಾಸಿನೊಳಗೆ ಮುಗಿಯಿತೆಂದು ಓದುತ್ತೇವೆ. ಬಹಳ ಹಗುರವಾಗಿ, ಹಣ್ಣು ಕಿತ್ತಂತೆ ಆಯಿತು ಎನ್ನುವ ಧಾಟಿ ಅದರಲ್ಲಿ ಇರುತ್ತದೆ. ಇಡೀ ಕಾರ್ಯಾಚರಣೆಯಲ್ಲಿ, ಗೋವಾ, ದಮನ್, ದೀವ್ ಮೂರೂ ಕಡೆ ಸೇರಿ, ನಮ್ಮ ಕಡೆ ಸತ್ತವರು 22 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅದರಲ್ಲಿ ಏಳು ಜನ ಈ ಒಂದೂವರೆ ಕಿಲೋಮೀಟರಿನ ಬಂಡೆಗಾಗಿ ಸತ್ತರು. ಮೂರರಲ್ಲಿ ಒಂದು ಪಾಲು ಅಂತಲೇ ಹಿಡಿಯಿರಿ.  ನೆಲದ ಮೇಲಿನ ಕಾದಾಟ ಅವರ ಕಸುಬಲ್ಲ; ಕಾದಾಟಕ್ಕೆ ಮಾಡಿದ್ದಲ್ಲದ ದೋಣಿಗಳಲ್ಲಿ ಅವರನ್ನು ಕಳಿಸಿದ್ದೆವು. ಅವರ ಸಾವು ನಡೆದದ್ದು ಉತ್ತರ ಕನ್ನಡದ ದಂಡೆಯಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಆದರೂ ಧಾರವಾಡ, ಗದಗ, ಹಾವೇರಿಯ ಶಾಲೆಗಳಲ್ಲಿ ಓದಿದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಇದು ನನಗೆ ನೋವಿನ ಸಂಗತಿ.

ದ್ವೀಪದಿಂದ ಗುಂಡು ಹಾರಿದ ಮೇಲೆ ತ್ರಿಶೂಲ್ ಬಾಯಿ ತೆರೆಯಿತು. ಕಾಕಾನ ಅಂಗಾಲು ಝುಂ ಅಂದದ್ದು ಆಗ. ಮೊದಲು ಇಳಿದ ನಮ್ಮವರು ದ್ವೀಪದಲ್ಲೇ ಇದ್ದಾರೆ. ಅವರಿಗೆ ತಗಲದಂತೆ ವೈರಿಯಿದ್ದ ತುದಿಗೆ ಗುರಿಯಿಟ್ಟು ಹೊಡೆಯಬೇಕು. ಕೆಳಗಿದ್ದವರಿಗೆ ಈ ಚಿಂತೆ ಮೇಲಿದ್ದವರಿಗಿಂತ ಹೆಚ್ಚು. “ನಾ ಎತ್ತಿ ಕೊಟ್ಟದ್ದು ನಮ್ಮವರ ಮ್ಯಾಲೆ ಬಿದ್ರ ಅಂತ ಪ್ರತಿ ಗುಂಡಿಗೂ ನಮ್ಮೂರ ದೇವರ ಹೆಸರು ತಗೊಂಡೆ” ಎನ್ನುತ್ತಿದ್ದ. ಕೋಣೆಯಲ್ಲಿ ಉರಿ ಸೆಕೆ. ಅಂಗಿ ಕಳಚಿದರು. ಬೆವರಿಗೆ ಗುಂಡು ಜಾರಬಾರದೆಂದು ಅಂಗಿಯಲ್ಲೇ ಕೈ ಒರೆಸಿಕೊಳ್ಳುತ್ತಿದ್ದರು.

ಆ ರಾತ್ರಿ ದ್ವೀಪ ಪೂರ್ತಿ ಕೈಗೆ ಬಂದಿರಲಿಲ್ಲ. ಮರುದಿನ ಮತ್ತೆ ತೋಪು. 19ರ ಮಧ್ಯಾಹ್ನದ ಹೊತ್ತಿಗೆ ಅಂಜದೀವ ನಮ್ಮದಾಯಿತು, ತ್ರಿವರ್ಣ ಏರಿತು. ಅದೇ ದಿನ ರಾತ್ರಿ ಗೋವಾದಲ್ಲಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾಗತಿಗೆ ಸಹಿ ಹಾಕಿದ. ಕಡೆಯ ಸಿಪಾಯಿಯವರೆಗೂ ಕಾದಾಡಿ ಸಾಯಿರಿ ಎಂದು ಲಿಸ್ಬನ್ನಿನಿಂದ ಸಲಾಜಾರ್ ಆಜ್ಞೆ ಕಳಿಸಿದ್ದ. ಗವರ್ನರ್ ಅದನ್ನು ಕೇಳಲಿಲ್ಲ. ತನ್ನ ಜನರನ್ನು ಉಳಿಸಿದ. 451 ವರ್ಷದ ಆಳಿಕೆ ಅಲ್ಲಿಗೆ ಮುಗಿಯಿತು. ಊರಿಗೆ ಮರಳಿದ ಮೇಲೆ ಅವನನ್ನು ಅವಮಾನಿಸಿ ಸೈನ್ಯದಿಂದ ಹೊರಗೆ ಹಾಕಿದರು. ಸುಮ್ಮನೆ ಸಾಯಲು ಒಪ್ಪದ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ, ವೈರಿಯಾದರೂ.

ಅಂಜದೀವದ ಕಥೆ ಮಾತ್ರ 19ಕ್ಕೂ ಮುಗಿಯಲಿಲ್ಲ. ಮೂರು ಜನ ಪೋರ್ಚುಗೀಸ್ ಸಿಪಾಯಿಗಳು ಬಂಡೆಗಳೊಳಗೆ ಅವಿತಿದ್ದರು. ಒಬ್ಬ ಅವತ್ತೇ ಶರಣಾದ. ಇನ್ನೊಬ್ಬ ಮರುದಿನ ಸಿಕ್ಕಿದ, ಸಿಗುವ ಮುಂಚೆ ಗ್ರೆನೇಡು ಎಸೆದು ನಮ್ಮ ಕೆಲವರನ್ನು ಗಾಯಗೊಳಿಸಿದ. ಮೂರನೆಯವನ ಹೆಸರು ಮಾನ್ಯುಯೆಲ್ ಕಾಯೆತಾನೊ. ಅವನು ಬಿಳಿಯನಲ್ಲ, ಗೋವಾದವನೇ. ಕತ್ತಲಲ್ಲೋ ಹಗಲಲ್ಲೋ, ಸಮುದ್ರಕ್ಕೆ ಹಾರಿ ಈಜಿ ನಮ್ಮ ದಂಡೆಗೆ ಬಂದುಬಿಟ್ಟ. 22ರಂದು ಅವನನ್ನು ಹಿಡಿದರು. ಭಾರತದಲ್ಲಿ ಸೆರೆಸಿಕ್ಕ ಪೋರ್ಚುಗಲ್ಲಿನ ಕಟ್ಟಕಡೆಯ ಸಿಪಾಯಿ ಅವನು.

ಈಜು ಕಲಿಯಲು ಒದ್ದಾಡಿದ್ದ ಕಾಕಾನಿಗೆ ಈ ಮನುಷ್ಯನ ಮೇಲೆ ವಿಚಿತ್ರ ಪ್ರೀತಿ. “ನಾಕು ದಿನ ಕೂಳಿಲ್ಲ, ನೀರಿಲ್ಲ. ಸುತ್ತ ನಮ್ಮ ಹಡಗು. ಅಂಥಾದ್ರಾಗ ಈಜಿ ಬಂದಾನ ಅಂದ್ರ ಎದಿ ಎಂಥಾದ್ದಿರಬೇಕು! ಅಂವ ಮಾತಾಡೂದು ಕೊಂಕಣಿ. ಕಾರವಾರದ ದಂಡ್ಯಾಗ ಯಾರನ್ನ ಮಾತಾಡಿಸಿದ್ರೂ ಅದ ಮಾತು. ಅಂವ ಓಡಿ ಬಂದದ್ದು ಎಲ್ಲಿಗೆ? ತನ್ನ ಮಂದಿ ಕಡೇನ.” ಕೇಳುತ್ತ ಕೂತ ಯಾರೋ ಒಮ್ಮೆ “ನಮ್ಮವರನ್ನ ಕೊಂದವರನ್ನ ಹೊಗಳ್ತೀಯಲ್ಲೋ” ಎಂದು ಗದರಿದ್ದರು. ಕಾಕಾ ತಿರುಗಿ ಮಾತಾಡಲಿಲ್ಲ. ಮರುವರ್ಷ ಕಥೆ ಹೇಳುವಾಗ ಆ ಭಾಗ ಬಿಡಲೂ ಇಲ್ಲ.

ಆ ದ್ವೀಪದ ಪುರಾಣ ನಾನು ದೊಡ್ಡವನಾದ ಮೇಲೆ ಓದಿ ತಿಳಿದೆ. ಕಾಕಾನಿಗೆ ಹೇಳಿದಾಗ ಅವನು ದಂಗಾಗಿದ್ದ. ವಾಸ್ಕೋ ಡ ಗಾಮ 1498ರಲ್ಲಿ ತಿರುಗಿ ಹೋಗುವಾಗ ಅಲ್ಲೇ ತಂಗಿ ಹಡಗು ರಿಪೇರಿ ಮಾಡಿಕೊಂಡ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ. ಗೋವಾ ಅವರ ಕೈಗೆ ಬಂದದ್ದು 1510ರಲ್ಲಿ. ಅಂದರೆ ಅದಕ್ಕೂ ಮೊದಲೇ ಅವರ ಕಾಲು ಅಂಜದೀವದ ಮೇಲಿತ್ತು. ಇನ್ನೂ ಮನಕರಗುವ ಕಥೆ ಇಂಗ್ಲಿಷ್ ಸಿಪಾಯಿಗಳದು. ಮುಂಬಯಿಯನ್ನು ವರದಕ್ಷಿಣೆಯಾಗಿ ಪಡೆದ ಇಂಗ್ಲೆಂಡಿನ ರಾಜ ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಏಬ್ರಹಾಂ ಶಿಪ್‌ಮನ್ ಎಂಬವನ ಕೈಕೆಳಗೆ ಸುಮಾರು ನಾನೂರು ಸಿಪಾಯಿಗಳನ್ನು ಕಳಿಸಿದ. ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಬೇರೆಲ್ಲೂ ಜಾಗ ಸಿಗದೆ ಅವರು ಅಂಜದೀವಕ್ಕೆ ಬಂದು ಕಾಯುತ್ತ ಕೂತರು. ಒಂದು ಗುಂಡೂ ಹಾರಲಿಲ್ಲ. ಮಳೆ, ಜ್ವರ, ಅನ್ನದ ಕೊರತೆ. ಶಿಪ್‌ಮನ್ ಅಲ್ಲೇ ಸತ್ತ, ಎರಡು ವರ್ಷದಲ್ಲಿ ಮುಕ್ಕಾಲು ಪಾಲು ಸಿಪಾಯಿಗಳು ಮಣ್ಣಾದರು. 1665ರಲ್ಲಿ ಮುಂಬಯಿ ಅವರ ಕೈಗೆ ಬಂದಾಗ ಹೋಗಿ ನಿಲ್ಲಲು ಉಳಿದವರು ನೂರರ ಆಸುಪಾಸು. “ಅಂದ್ರ ನಾವು ಹೋದಾಗ ಆ ನೆಲದಾಗ ಅವ್ರೂ ಇದ್ರು” ಅಂದ ಕಾಕಾ.

ಇತ್ತ ಮನೆಯಲ್ಲಿ ಏನಾಯಿತೆಂಬುದನ್ನು ಕಾಕಾನ ಹೆಂಡತಿ, ನಮ್ಮ ಚಿಗವ್ವನಿಂದ ಕೇಳಬೇಕು. ನಾನಾಗ ಹುಟ್ಟಿರಲಿಲ್ಲ. ಗೋವಾ ಗೆದ್ದ ಸುದ್ದಿ ಧಾರವಾಡ ಆಕಾಶವಾಣಿಯಲ್ಲಿ ಬಂದಾಗ ಊರಲ್ಲಿ ರೇಡಿಯೋ ಇದ್ದ ಮನೆಯ ಮುಂದೆ ಜನ ಕುಣಿದರಂತೆ. ಮರುದಿನ ಪೇಪರ್ ಓದಿ ಹೇಳುವವರೊಬ್ಬರು ಅಂಜದೀವ ದ್ವೀಪದಲ್ಲಿ ನಾವಿಕರು ತೀರಿಕೊಂಡಿದ್ದಾರೆ ಎಂದರು. ಚಿಗವ್ವನಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ಯಾವ ಹಡಗಿನಲ್ಲಿದ್ದಾನೆಂದು ಗೊತ್ತು, ಆ ಹಡಗು ಎಲ್ಲಿದೆಯೆಂದು ಗೊತ್ತಿಲ್ಲ. ಆಗೆಲ್ಲ ತಂತಿ ಬಂದರೆ ಸಾವಿನದೇ. ಲಕ್ಷ್ಮೇಶ್ವರದ ಕಡೆಯಿಂದ ಸೈಕಲ್ಲಿನಲ್ಲಿ ಖಾಕಿ ಅಂಗಿ ತೊಟ್ಟ ಯಾರು ಬಂದರೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

“ಯಾರೂ ನನ್ನ ಮುಂದ ಮಾತಾಡತಿದ್ದಿಲ್ಲ. ಅತ್ತಿ ಒಲಿ ಮುಂದ ಕುಂತಾಕಿ ಕುಂತ ಇರಾಕಿ. ಮಾವ ಮಗ್ಗದಿಂದ ಏಳಲಿಲ್ಲ. ಒಂದ ಸಮನ ನೇಯ್ದ, ನೇಯ್ದ. ಹರದಿದ್ರೂ ಗಂಟು ಹಾಕಲಿಲ್ಲ, ಹಂಗ ನೇಯ್ದುಬಿಟ್ಟ. ಆ ಸೀರಿ ಮಾರಾಕ ಬರಲಿಲ್ಲ. ಎಲ್ಲಾ ಕಡಿ ಬಿರಿ ಬಿಟ್ಟಿತ್ತು.”

ಹೊಸ ವರ್ಷ ಹುಟ್ಟಿ ಸುಮಾರು ದಿನವಾದ ಮೇಲೆ ಅಂಚೆಯವನು ಬಂದ. ಬಾಗಿಲಲ್ಲಿ ನಿಂತು ಚಿಗವ್ವನ ಹೆಸರು ಕರೆದ. ಅವಳು ಗೋಡೆ ಹಿಡಿದು ನಿಂತಳು. ಮನಿಆರ್ಡರ್. ತಿಂಗಳ ದುಡ್ಡು. ಕೂಪನ್ನಿನ ಮೇಲೆ ಎರಡೇ ಸಾಲು: ನಾನು ಆರಾಮ ಇದ್ದೇನೆ, ಜೋಳದ ಬೆಳೆ ಹೇಗಿದೆ ತಿಳಿಸುವುದು. ಆಯಿ ಆ ಕೂಪನ್ನನ್ನು ದೇವರ ಜಗುಲಿಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿದಳು. ಮಾರಲು ಬಾರದ ಆ ಸೀರೆಯನ್ನು ಚಿಗವ್ವ ತಾನೇ ಉಟ್ಟಳು, ಹರಿಯುವವರೆಗೂ ಉಟ್ಟಳು.

ಆ ಏಳು ಮನೆಗಳಿಗೆ ಹೋದದ್ದು ತಂತಿ.

ಈಗ ಆ ಕಡೆ ಹೋದವರಿಗೆ ಅಂಜದೀವ ಸುಲಭಕ್ಕೆ ಸಿಗುವುದಿಲ್ಲ. 1986ರಲ್ಲಿ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಎಂದು ಕಾರ್ಯಾರಂಭವಾಯಿತು. ದ್ವೀಪವನ್ನು ಅಲೆತಡೆ ಗೋಡೆಯಿಂದ ದಂಡೆಗೆ ಕೂಡಿಸಿದ್ದಾರೆ. ಅದಕ್ಕಾಗಿ ಅರ್ಗಾ, ಬಿಣಗಾ ಸುತ್ತಿನ ಎಷ್ಟೋ ಕುಟುಂಬಗಳು ಮನೆ, ಹೊಲ, ಮೀನು ಹಿಡಿಯುವ ದಂಡೆ ಬಿಟ್ಟು ಎದ್ದು ಹೋಗಬೇಕಾಯಿತು. ಅವರ ತ್ಯಾಗದ ಕಥೆ ಬೇರೆಯೇ ಬರೆಯಬೇಕಾದ್ದು. ಸತ್ತ ಏಳು ನಾವಿಕರಿಗೆ ನೌಕಾಪಡೆಯ ಸ್ಮಾರಕವಿದೆ. ನೌಕಾಪಡೆಯವರು ಮರೆತಿಲ್ಲ. ದ್ವೀಪಕ್ಕೆ ಹೋಗಲಾರದ ನಾವು ಮರೆತಿದ್ದೇವೆ. ಕಾರವಾರದ ಕಡಲತೀರದಲ್ಲಿ ಚಪಲ್ ಹಡಗಿನ ಮ್ಯೂಸಿಯಂ ನೋಡಲು ಹೋಗುವ ಶಾಲಾ ಮಕ್ಕಳಿಗೆ ಅಲ್ಲೇ ನಿಂತು ಈ ಏಳು ಜನರ ಸಂಗತಿಯನ್ನು ಒಂದು ಹತ್ತು ನಿಮಿಷ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ!

ಕಾಕಾ ಆ ಕೆಲಸವನ್ನು ತನ್ನ ಮಟ್ಟಿಗೆ ಮಾಡಿದ್ದ. ಒಂದು ಜನವರಿ 26ಕ್ಕೆ ಊರ ಶಾಲೆಯಲ್ಲಿ ಝೇಂಡಾ ಏರಿಸಲು ಅವನನ್ನು ಕರೆದರು. ಎರಡು ಮಾತು ಹೇಳ್ರಿ ಎಂದರು. ಭಾಷಣ ಅವನಿಗೆ ಬರುತ್ತಿರಲಿಲ್ಲ. ಮಾಸ್ತರರಿಂದ ಸುಣ್ಣದಕಡ್ಡಿ ಇಸಕೊಂಡು ಅಂಗಳದ ಫರಸಿ ಮೇಲೆ ದ್ವೀಪ ಬರೆದ. ಇಲ್ಲಿ ಮೈಸೂರ್, ಇಲ್ಲಿ ತ್ರಿಶೂಲ್, ಇದು ಮೊದಲ ದೋಣಿ, ಇದು ಎರಡನೆಯದು. ಬಂಡೆ ಇದ್ದ ಕಡೆ ಚಪ್ಪಲಿ ಇಟ್ಟ. ಏಳು ಹುಡುಗರನ್ನು ಕರೆದು ಎರಡನೆಯ ದೋಣಿಯಲ್ಲಿ ಕೂರಿಸಿದ. ನಾನೂ ಅದರಲ್ಲಿದ್ದೆ.

ಒಬ್ಬ ಹುಡುಗ “ನೀರು ಎಷ್ಟು ಆಳ ಇತ್ರಿ?” ಅಂದ.

“ನಿನಗ ಮುಳಗೂವಷ್ಟು. ಅವರಿಗೆ ಎದಿಮಟ. ರೈಫಲ್ ತೋಯಬಾರದು. ತೋಯ್ದ್ರ ದಂಡಿ ಮುಟ್ಟಿದ ಮ್ಯಾಲೆ ಕೈಯಾಗಿರೂದು ಬರೇ ಕಟ್ಟಿಗಿ.”

ಮಕ್ಕಳಿಗೆ ಅದೆಷ್ಟು ಹಿಡಿಸಿತೆಂದರೆ ಲಾಡು ಹಂಚಿ ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಅಳತೆಪಟ್ಟಿ, ಕಸಬರಿಗೆ, ಜೋಳದ ದಂಟು, ಸಿಕ್ಕಿದ್ದೆಲ್ಲ ರೈಫಲ್ಲಾಯಿತು. ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಅಂಗಳಕ್ಕೆ ಜಿಗಿಯತೊಡಗಿದೆವು. ಕಾಕಾ ಕೆಳಗೆ ನಿಂತು, ಜಿಗಿದವರ ತೋಳು ಸರಿಮಾಡುತ್ತ, “ಕೈ ಮ್ಯಾಲೆ! ಕೈ ಮ್ಯಾಲೆ ಹಿಡೀಲೇ! ಇನ್ನೊಮ್ಮೆ ಏರು” ಎಂದು ಗಂಟಲು ಹರಿಯುವ ಹಾಗೆ ಒದರುತ್ತಿದ್ದ.